ಅಜ್ಜನ ಫಟಫಟಿಯ ಜೀರ್ಣೋದ್ಧಾರ

ದಾವಣಗೆರೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ತಗಡಿನ ಒಂದು ಚಪ್ಪರವಿದೆ. ಮನೆಯೊಳಗೆ ಇರಿಸಿಕೊಳ್ಳಲಾಗದ, ಹೊರಗೆ ಎಸೆಯಲೂ ಮನಸ್ಸು ಬಾರದ ವಸ್ತುಗಳಿಗೆಲ್ಲ ಅದೇ ಆಶ್ರಯಸ್ಥಾನ. ಮುರಿದ ತೊಟ್ಟಿಲು, ಅಜ್ಜಿಯ ಕಾಲದ ಹಂಡೆ, ಬೆತ್ತ ಹರಿದ ಆರಾಮಕುರ್ಚಿ, ಇವುಗಳ ಹಿಂದೆ ಗೋಣಿಚೀಲಗಳನ್ನು ಹೊದ್ದುಕೊಂಡು ಮೂವತ್ತು ವರ್ಷಗಳಿಂದ ಒಂದು ಮೋಟಾರು ಸೈಕಲ್ಲು ನಿಂತಿತ್ತು. ಮನೆಯವರು ಅದನ್ನು 'ಅಜ್ಜನ ಫಟಫಟಿ' ಎಂದು ಕರೆಯುತ್ತಿದ್ದರು. ಅದರ ಮೇಲೆ ಹೆಸರಿಡಬಹುದಾದ ಮಮತೆಯೇನೂ ಯಾರಿಗೂ ಇದ್ದಂತೆ ತೋರುತ್ತಿರಲಿಲ್ಲ. ಆದರೂ ಅದನ್ನು ಹೊರಹಾಕುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

2023ರ ಬೇಸಗೆಯಲ್ಲಿ ಆ ಮಾತು ಎದ್ದಿತು. ಹಳೆಯ ಪತ್ರಿಕೆಗಳನ್ನು ಕೊಳ್ಳಲು ಬಂದ ಗುಜರಿಯವನು ಹಿತ್ತಿಲಿಗೆ ಇಣುಕಿ ನೋಡಿ, ಗೋಣಿಚೀಲವನ್ನು ಸರಿಸಿ, "ಕಬ್ಬಿಣದ ತೂಕಕ್ಕೆ ಒಯ್ತೀನಿ, ಯಜಮಾನ್ರೇ" ಎಂದ. ನಮ್ಮ ತಂದೆಯವರು ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಮಿತಭಾಷಿಗಳು. ಅವರು ಒಂದು ನಿಮಿಷ ಸುಮ್ಮನಿದ್ದು, "ಒಯ್ಯಿ, ಇಲ್ಲಿ ಇದ್ದು ತಾನೇ ಏನು?" ಎಂದುಬಿಟ್ಟರು. ನಾನು ಕಾಲೇಜಿನ ಉತ್ತರಪತ್ರಿಕೆಗಳ ನಡುವಿನಿಂದ ಎದ್ದು ಬಂದು ಅಡ್ಡ ನಿಂತೆ. ಏಕೆಂದು ಆಗ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗ ಅಜ್ಜ ನನ್ನನ್ನು ಆ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹತ್ತಿ ಮಂಡಿಯವರೆಗೆ ಕರೆದೊಯ್ಯುತ್ತಿದ್ದುದು ಮಾತ್ರ ನೆನಪಿಗೆ ಬಂತು. ಟ್ಯಾಂಕಿನ ಬಲಭುಜದಲ್ಲಿ ಒಂದು ತಗ್ಗು ಇತ್ತು. ಬೀಳದಂತೆ ಊರಿಕೊಂಡ ನನ್ನ ಅಂಗೈ ಅದರಲ್ಲಿ ಸರಿಯಾಗಿ ಕೂರುತ್ತಿತ್ತು.

"ನಾನು ಇದನ್ನು ಸರಿಮಾಡುತ್ತೇನೆ" ಎಂದೆ.

ತಂದೆಯವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ; ಏನೋ ಆಯಾಸವಿತ್ತು. "ನಿನಗೆ ಪಾನಾ ಹಿಡಿಯೋಕೆ ಬರುತ್ತೇನಪ್ಪಾ?" ಎಂದಷ್ಟೇ ಕೇಳಿ ಒಳಗೆ ಹೋದರು.

ಪ್ರಶ್ನೆ ನ್ಯಾಯವಾದುದೇ. ನಾನು ಕನ್ನಡ ಎಂ.ಎ. ಓದಿ ಕನ್ನಡವನ್ನೇ ಕಲಿಸುವವನು. ಷಟ್ಪದಿಯ ಮಾತ್ರೆಗಳನ್ನು ಎಣಿಸಬಲ್ಲೆನೇ ಹೊರತು ನಟ್ಟಿನ ಸುತ್ತುಗಳನ್ನಲ್ಲ. ಅಂಥವನು ಇಪ್ಪತ್ತೊಂದು ತಿಂಗಳು ಒಂದು ಯಂತ್ರದೊಡನೆ ಹೆಣಗಿದ ಕಥೆ ಇದು. ವಾಚಕರಲ್ಲಿ ಯಾರ ಮನೆಯ ಹಿತ್ತಿಲಿನಲ್ಲಾದರೂ ಇಂಥದೊಂದು ಫಟಫಟಿ ಗೋಣಿಚೀಲ ಹೊದ್ದು ನಿಂತಿದ್ದರೆ, ಅವರಿಗೆ ಇದರಿಂದ ಅಲ್ಪಸ್ವಲ್ಪ ಪ್ರಯೋಜನವೂ ಆದೀತು.

ಪ್ರಾಗಿನಿಂದ ಮೈಸೂರಿಗೆ

ಗಾಡಿಯ ಕುಲಗೋತ್ರಗಳನ್ನು ಮೊದಲು ಹೇಳಬೇಕು. ಅದು 'ಜಾವಾ 250'. ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲೊಂದನ್ನು ತಯಾರಿಸುವ ಹಕ್ಕು ಪಡೆದು ಕಾರ್ಖಾನೆ ಆರಂಭಿಸಿದ. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಸೇರಿಸಿ ಸಂಧಿಮಾಡಿದಾಗ 'ಜಾವಾ' ಆಯಿತು.

ಆ ಹೆಸರು ಕನ್ನಡನಾಡಿಗೆ ಬಂದುದು 1960ರಲ್ಲಿ. ಇರಾನಿ ಮನೆತನದ ರುಸ್ತುಂ ಮತ್ತು ಫರೋಖ್ ಮುಂಬಯಿಯಲ್ಲಿ ಹೊರದೇಶದ ಗಾಡಿಗಳನ್ನು ತರಿಸಿ ಮಾರುವುದನ್ನು ಬಿಟ್ಟು ಇಲ್ಲಿಯೇ ತಯಾರಿಸಬೇಕೆಂದು ಹೊರಟಾಗ ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ ಎದ್ದಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಅದಕ್ಕೆ ದೊರೆಯಿತು. 1961ರಿಂದ ಗಾಡಿಗಳು ಹೊರಬರತೊಡಗಿದವು. 1973ರಲ್ಲಿ, ಮೈಸೂರು ರಾಜ್ಯ 'ಕರ್ನಾಟಕ'ವೆಂದು ಹೆಸರು ಬದಲಿಸಿಕೊಂಡ ವರ್ಷದಲ್ಲಿಯೇ, ಆ ಕಾರ್ಖಾನೆಯ ಗಾಡಿಯೂ 'ಯೆಜ್ಡಿ' ಎಂದು ಹೆಸರು ಬದಲಿಸಿಕೊಂಡಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಇಪ್ಪತ್ತೆರಡು ವರ್ಷಗಳ ಅನಂತರ, 2018ರಲ್ಲಿ, ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿ ಹೊಸ ಗಾಡಿಗಳನ್ನು ತಂದಿತು. 2022ರಲ್ಲಿ ಯೆಜ್ಡಿಯೂ ಮರಳಿತು. ಆದರೆ ಅವು ನಾಲ್ಕು ಹೊಡೆತದ ಎಂಜಿನ್ನಿನ ಹೊಸ ಗಾಡಿಗಳು. ನಮ್ಮ ಹಿತ್ತಿಲಿನದಕ್ಕೆ ಅವುಗಳೊಡನೆ ಹೆಸರಿನ ನೆಂಟಸ್ತಿಕೆ ಮಾತ್ರ.

ಅಜ್ಜ ಹತ್ತಿಯ ದಲಾಲಿ ವ್ಯಾಪಾರದಲ್ಲಿ ಸಣ್ಣ ಪಾಲುದಾರರಾಗಿದ್ದರು. ದಾವಣಗೆರೆ ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ಕಾಲ. ಜಗಳೂರು, ಹರಪನಹಳ್ಳಿ, ಹೊನ್ನಾಳಿಗಳ ಕಡೆಯ ಹಳ್ಳಿಗಳಿಗೆ ಬಸ್ಸು ಹಿಡಿದು ಹೋದರೆ ಸೌದಾ ಮುಗಿಯುವಷ್ಟರಲ್ಲಿ ಹಿಂತಿರುಗುವ ಬಸ್ಸು ತಪ್ಪುತ್ತಿತ್ತು. ಅದಕ್ಕಾಗಿ 1967ರಲ್ಲಿ ಅವರು ಈ ಗಾಡಿ ಕೊಂಡರು. ಕಡುಗೆಂಪು ಬಣ್ಣ, ಟ್ಯಾಂಕಿನ ಎರಡು ಪಕ್ಕೆಗಳಲ್ಲಿ ಕನ್ನಡಿಯಂಥ ಕ್ರೋಮಿಯಂ ಲೇಪ, ಅಂಚಿಗೆ ಕೈಯಲ್ಲೆಳೆದ ಚಿನ್ನದ ಬಣ್ಣದ ಗೆರೆ, ಹಿಂದೆ ಜೋಡಿ ಹೊಗೆಕೊಳವೆ. ಕಾಲಿನಿಂದ ಒದ್ದು ಚಾಲೂ ಮಾಡುವ ಲಿವರೇ ಒಳಕ್ಕೆ ಒತ್ತಿ ತಿರುಗಿಸಿದರೆ ಗೇರು ಹಾಕುವ ಲಿವರೂ ಆಗುತ್ತದೆ. ಹಿಂದಿನ ಸರಪಳಿಯನ್ನು ತಗಡಿನ ಪೆಟ್ಟಿಗೆ ಪೂರ್ತಿ ಮುಚ್ಚಿರುವುದರಿಂದ ಪಂಚೆಯುಟ್ಟ ಸವಾರನಿಗೂ, ಹಿಂದೆ ಕುಳಿತ ಸೀರೆಯವರಿಗೂ ಭಯವಿಲ್ಲ. ಇಂಥ ಮರ್ಯಾದಸ್ಥ ಗಾಡಿ 1993ರಲ್ಲಿ ಅಜ್ಜ ತೀರಿಕೊಂಡ ಮೇಲೆ ಚಪ್ಪರ ಸೇರಿತು.

ಬಿಚ್ಚುವುದೂ ಒಂದು ಬರವಣಿಗೆ

ಚಪ್ಪರದ ಒಂದು ಮೂಲೆಯನ್ನು ಗುಡಿಸಿ, ಹಳೆಯ ಊಟದ ಮೇಜನ್ನು ಹಾಕಿ, ದೀಪವೊಂದನ್ನು ಇಳಿಬಿಟ್ಟಾಗ ನನ್ನ ಕಾರ್ಯಾಗಾರ ಸಿದ್ಧವಾಯಿತು. ಪಾನಾಗಳು, ತಿರುಪುಳಿಗಳು, ಇಕ್ಕಳ, ಮರದ ಕೊಡತಿ, ಸೀಮೆಎಣ್ಣೆ, ಹಳೆಯ ಬನಿಯನ್ನುಗಳು ಕೂಡಿಬಂದವು. ಅಡುಗೆಮನೆಯ ನಾಲ್ಕು ಸ್ಟೀಲ್ ತಟ್ಟೆಗಳೂ ಬಂದವು. ಆ ವಿಷಯದಲ್ಲಿ ನನ್ನ ಹೆಂಡತಿ ಇಂದಿಗೂ ನನ್ನನ್ನು ಕ್ಷಮಿಸಿಲ್ಲ.

ಮೊದಲ ಪಾಠ: ಏನನ್ನೂ ಬಿಚ್ಚುವ ಮುನ್ನ ಅದರ ಚಿತ್ರ ತೆಗೆಯಬೇಕು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಹೆಸರು ಬರೆದ ಪೊಟ್ಟಣದಲ್ಲಿ ಹಾಕಿಡಬೇಕು. ಯಾವ ವಾಷರಿನ ಮೇಲೆ ಯಾವ ಸ್ಪ್ರಿಂಗ್ ಇತ್ತೆಂಬುದನ್ನು ಮನಸ್ಸು ಒಂದು ವಾರದಲ್ಲಿ ಮರೆಯುತ್ತದೆ, ಕಾಗದ ಮರೆಯುವುದಿಲ್ಲ. ನಾನು ಇನ್ನೂರು ಪುಟದ ಪುಸ್ತಕವೊಂದನ್ನು ಕೊಂಡು ಎಲ್ಲವನ್ನೂ ಬರೆಯುತ್ತ ಹೋದೆ.

ಹೀಗೆ ಬರೆಯುವಾಗ ನನಗೊಂದು ವಿಷಯ ಹೊಳೆಯಿತು. ಇದು ನಾನು ತರಗತಿಯಲ್ಲಿ ಹೇಳುವ ಗ್ರಂಥಸಂಪಾದನೆಯ ಪಾಠವೇ ಅಲ್ಲವೆ? ಕವಿ ಬರೆದ ಮೂಲ ಓಲೆ ನಮ್ಮ ಕೈಗೆ ಸಿಗುವುದಿಲ್ಲ. ಸಿಗುವುದು ಲಿಪಿಕಾರರು ನಕಲು ಮಾಡಿದ ಪ್ರತಿ. ಅದರಲ್ಲಿ ಬಿಟ್ಟುಹೋದ ಅಕ್ಷರ, ತಪ್ಪಾಗಿ ಓದಿದ ಪದ, ನಡುವೆ ಯಾರೋ ಸೇರಿಸಿದ ಪದ್ಯ ಎಲ್ಲವೂ ಇರುತ್ತವೆ. ಸಂಪಾದಕನ ಕೆಲಸ ಇವನ್ನೆಲ್ಲ ಗುರುತಿಸಿ ಮೂಲ ಪಾಠಕ್ಕೆ ಆದಷ್ಟು ಸಮೀಪ ಹೋಗುವುದು. ತನಗೆ ಚೆಂದವೆಂದು ತೋರಿದ್ದನ್ನು ಬರೆಯುವುದಲ್ಲ. ಅಜ್ಜನ ಗಾಡಿಗೂ ಹಲವು ಲಿಪಿಕಾರರು ಕೈಹಾಕಿದ್ದರು. ಯಾರೋ ಒಬ್ಬ ಮೂಲ ಬೋಲ್ಟು ಸಿಗದೆ ಬಾವಿಯ ಪಂಪಿನ ಬೋಲ್ಟನ್ನು ಹಾಕಿದ್ದ. ಮತ್ತೊಬ್ಬ ಮುರಿದ ಬ್ರೇಕ್ ಸರಳನ್ನು ಸೈಕಲ್ಲಿನ ಕಡ್ಡಿಯಿಂದ ಬಿಗಿದಿದ್ದ. ಅವರನ್ನು ನಾನು ಬೈಯಲಾರೆ. ಮರುದಿನ ಬೆಳಗ್ಗೆ ಅಜ್ಜ ಜಗಳೂರಿಗೆ ಹೋಗಲೇಬೇಕಾಗಿತ್ತು, ಅವರ ದಯೆಯಿಂದ ಹೋದರು.

ಬಹಳ ಜನ ಹಳೆಯ ಗಾಡಿಯನ್ನು 'ಸರಿಮಾಡುತ್ತೇವೆ' ಎಂದು ಹೊಸ ಕಾಲದ ಚಕ್ರ, ಹೊಸ ದೀಪ, ಕಣ್ಣು ಕುಕ್ಕುವ ಬಣ್ಣ ಕೊಟ್ಟುಬಿಡುತ್ತಾರೆ. ಅದು ಪ್ರಕ್ಷೇಪ. ಇಷ್ಟವಿದ್ದವರು ಮಾಡಲಿ, ಆದರೆ ಅದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲದು.

ಮುರಿದ ರೆಕ್ಕೆ

ಎರಡನೆಯ ಪಾಠ ಸ್ವಲ್ಪ ದುಬಾರಿಯಾಯಿತು. ಜಾವಾದ್ದು ಎರಡು ಹೊಡೆತದ ಎಂಜಿನ್ನು. ಅದರಲ್ಲಿ ಪಿಸ್ಟನ್ನು ಮೇಲಕ್ಕೆ ಹೋಗುವಾಗ ಕೆಳಗಿನ ಕೋಣೆಗೆ ಗಾಳಿ-ಪೆಟ್ರೋಲುಗಳ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಕ್ಕೆ ಬರುವಾಗ ಅದನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯೇ ಒಳಗಿನ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಿ, ಸುಟ್ಟು, ನೀಲಿ ಹೊಗೆಯಾಗಿ ಹೊರಬೀಳುತ್ತದೆ. ಮೂವತ್ತು ವರ್ಷ ನಿಂತ ಗಾಡಿಯಲ್ಲಿ ಆ ಎಣ್ಣೆ ಆರಿಹೋಗಿ, ತೇವ ಸೇರಿ, ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡು ಕುಳಿತಿತ್ತು.

ಇಂಥ ಸಂದರ್ಭದಲ್ಲಿ ಪ್ಲಗ್ಗಿನ ರಂಧ್ರದಿಂದ ಡೀಸೆಲ್ ಸುರಿದು, ದಿನಕ್ಕೊಮ್ಮೆ ಮೆಲ್ಲನೆ ತಿರುಗಿಸಿ ನೋಡುತ್ತ, ಎರಡು ಮೂರು ವಾರ ಕಾಯಬೇಕು. ನಾನು ನಾಲ್ಕು ದಿನ ಕಾದೆ. ಐದನೆಯ ದಿನ ಭಾನುವಾರ, ಕಾಲೇಜಿಗೆ ರಜೆ, ಕೈಯಲ್ಲಿ ಸುತ್ತಿಗೆ ಇತ್ತು. ಎರಡನೆಯ ಪೆಟ್ಟಿಗೆ ಸಿಲಿಂಡರಿನ ಒಂದು ರೆಕ್ಕೆ, ಶಾಖವನ್ನು ಗಾಳಿಗೆ ಬಿಡುವ ಆ ತೆಳ್ಳನೆಯ ಬೀಡುಕಬ್ಬಿಣದ ಪಟ್ಟಿ, ಬಿಸ್ಕತ್ತಿನಂತೆ ಮುರಿದು ನೆಲಕ್ಕೆ ಬಿತ್ತು. ಪಿಸ್ಟನ್ನು ಅಲುಗಲಿಲ್ಲ. ಮತ್ತೆ ಹದಿನೆಂಟು ದಿನ ಡೀಸೆಲಿನಲ್ಲಿ ನೆನೆದ ಮೇಲೆ ಅದು ತಾನಾಗಿಯೇ ಬಿಟ್ಟುಕೊಟ್ಟಿತು.

ತಂದೆಯವರು ಈ ದಿನಗಳಲ್ಲಿ ಚಪ್ಪರದ ಕಡೆಗೆ ಬರುತ್ತಿರಲಿಲ್ಲ. ಸಂಜೆ ಹಿತ್ತಿಲಿನ ಗಿಡಗಳಿಗೆ ನೀರು ಹಾಕುವಾಗ ಸಹ ಆ ಮೂಲೆಯ ದಾಸವಾಳವನ್ನು ಬಿಟ್ಟು ಹೋಗುತ್ತಿದ್ದರು. ಒಂದು ದಿನ ತಾಯಿಯವರನ್ನು ಕೇಳಿದೆ.

"ಅದು ನಿನಗೆ ಗೊತ್ತಿಲ್ಲವೇನೋ? ಆ ಟ್ಯಾಂಕಿನ ತಗ್ಗು ಇದೆಯಲ್ಲ, ಅದು ನಿಮ್ಮಪ್ಪಾಜಿಯ ಕೆಲಸ. ಅದಾದ ಮೇಲೆ ಅವರು ಆ ಗಾಡೀನ ಮುಟ್ಟೇ ಇಲ್ಲ" ಎಂದರು.

ವಿಷಯ ಹೀಗೆ. 1974ರ ಮಳೆಗಾಲ. ತಂದೆಯವರಿಗೆ ಹತ್ತೊಂಬತ್ತು ವರ್ಷ. ತುಂಗಭದ್ರೆ ತುಂಬಿ ಹರಿಯುತ್ತಿದೆಯೆಂದು ಕೇಳಿ, ಅಜ್ಜ ಮಧ್ಯಾಹ್ನದ ನಿದ್ರೆಯಲ್ಲಿದ್ದಾಗ, ಹೇಳದೆ ಕೇಳದೆ ಗಾಡಿಯನ್ನು ಹರಿಹರಕ್ಕೆ ಒಯ್ದರು. ಸೇತುವೆಯ ಸಮೀಪ ಒದ್ದೆ ರಸ್ತೆಯಲ್ಲಿ ಚಕ್ರ ಜಾರಿತು. ಗಾಡಿ ಮೈಲುಗಲ್ಲಿಗೆ ತಾಗಿ ಮಲಗಿತು. ಮನೆಗೆ ತಳ್ಳಿಕೊಂಡು ಬಂದ ಮಗನನ್ನು ಅಜ್ಜ ಬೈಯಲಿಲ್ಲ. "ನಿನಗೇನೂ ಆಗಲಿಲ್ಲವಷ್ಟೆ?" ಎಂದು ಕೇಳಿ ಸುಮ್ಮನಾದರು. ಮುಂದಿನ ತಿಂಗಳೇ ತಂದೆಯವರು ಓದಲು ಧಾರವಾಡಕ್ಕೆ ಹೊರಟರು. ದೀಪಾವಳಿಗೆ ಬಂದಾಗ ನೋಡಿದರೆ, ಗೀಚಿಹೋಗಿದ್ದ ಬಣ್ಣವನ್ನು ಅಜ್ಜ ಹೊಸದಾಗಿ ಬಳಿಸಿದ್ದರು. ತಗ್ಗನ್ನು ಮಾತ್ರ ಹಾಗೆಯೇ ಉಳಿಸಿದ್ದರು. ಮಗ ಮಾಡಿದ ತಪ್ಪನ್ನು ದಿನವೂ ನೆನೆಯಲೆಂದೇ ಹಾಗೆ ಉಳಿಸಿಕೊಂಡರೆಂದು ತಂದೆಯವರು ತಿಳಿದರು. ಬಾಯಿಬಿಟ್ಟು ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದ ಮಾತು ಐವತ್ತು ವರ್ಷ ಉಳಿಯಿತು.

ಹರಿಹರದ ಕೈಗಳು

ಎಂಜಿನ್ನಿನ ಹೃದಯವೆಂದರೆ ಕ್ರ್ಯಾಂಕು. ಪಿಸ್ಟನ್ನಿನ ಮೇಲೆ-ಕೆಳಗಿನ ಓಟವನ್ನು ಚಕ್ರದ ಸುತ್ತಾಟವನ್ನಾಗಿ ಮಾಡುವುದು ಅದೇ. ಜಾವಾದಲ್ಲಿ ಎರಡು ಭಾರವಾದ ಉಕ್ಕಿನ ಬಿಲ್ಲೆಗಳನ್ನು ಒಂದು ಗೂಟಕ್ಕೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಆ ಗೂಟದ ಮೇಲೆ ಕನೆಕ್ಟಿಂಗ್ ರಾಡು ಆಡುತ್ತದೆ. ನಮ್ಮದರಲ್ಲಿ ರಾಡಿನ ಬೇರಿಂಗು ಸವೆದು ಗಡಗಡ ಎನ್ನುತ್ತಿತ್ತು. ಬಿಲ್ಲೆಗಳನ್ನು ಬೇರ್ಪಡಿಸಿ, ಹೊಸ ರಾಡು ಹಾಕಿ, ಮತ್ತೆ ಒತ್ತಿ, ಎರಡೂ ಒಂದೇ ನೇರದಲ್ಲಿ ತಿರುಗುವಂತೆ ಹದಮಾಡಬೇಕು. ಮನೆಯ ಮೇಜಿನ ಮೇಲೆ ಆಗುವ ಕೆಲಸವಲ್ಲ. ದಾವಣಗೆರೆಯ ಮೆಕ್ಯಾನಿಕ್ಕರೊಬ್ಬರು, "ಇದಕ್ಕೆ ಹರಿಹರಕ್ಕೇ ಹೋಗ್ಬೇಕು ಸಾರ್. ಕಿರ್ಲೋಸ್ಕರ್‌ನಲ್ಲಿ ಇದ್ದವರು ಯಾರಾದ್ರೂ ಸಿಗ್ತಾರೆ" ಎಂದರು.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಯಾತ್ರಿಕರಿಗೆ ಅದು ಹರಿಹರೇಶ್ವರನ ಕ್ಷೇತ್ರ. ಹೊಯ್ಸಳರ ಕಾಲದಲ್ಲಿ, ಹದಿಮೂರನೆಯ ಶತಮಾನದಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿ ಅಲ್ಲಿದೆ. ಯಂತ್ರದವರಿಗೆ ಅದು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರು. 1941ರಲ್ಲಿ ತುಂಗಭದ್ರೆಯ ದಡದ ಆ ಸಣ್ಣ ಊರಿನಲ್ಲಿ ಲೇತುಗಳನ್ನು, ಎಂದರೆ ಯಂತ್ರಗಳನ್ನು ಹುಟ್ಟಿಸುವ ಯಂತ್ರಗಳನ್ನು, ತಯಾರಿಸುವ ಕೆಲಸ ಆರಂಭವಾಯಿತು. ಭಾರತದ ನೂರಾರು ಕಾರ್ಖಾನೆಗಳಲ್ಲಿ ಹರಿಹರದ ಲೇತು ತಿರುಗಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಮೈಸೂರಿನ ಜಾವಾ ಹೋಯಿತು, ಹರಿಹರದ ಕಿರ್ಲೋಸ್ಕರ್ ಹೋಯಿತು. ಆದರೆ ಕಾರ್ಖಾನೆಗೆ ಬೀಗ ಹಾಕಿದಷ್ಟು ಸುಲಭವಾಗಿ ಕಲಿತ ಕೈಗೆ ಬೀಗ ಹಾಕಲಾಗುವುದಿಲ್ಲ.

ಅಂಥ ಎರಡು ಕೈಗಳನ್ನು ನಾನು ಅಲ್ಲಿನ ಒಂದು ಓಣಿಯಲ್ಲಿ ಕಂಡೆ. ಎಪ್ಪತ್ತು ದಾಟಿದ ಟರ್ನರ್ ಅವರು. ಮನೆಗೆ ಹೊಂದಿದ ತಗಡಿನ ಶೆಡ್ಡಿನಲ್ಲಿ ಅವರು ದುಡಿದ ಕಾರ್ಖಾನೆಯಲ್ಲೇ ತಯಾರಾದ ಒಂದು ಹಳೆಯ ಲೇತು. ನನ್ನ ಚೀಲದಿಂದ ಸಿಲಿಂಡರನ್ನು ಮೊದಲು ತೆಗೆದು, ಮುರಿದ ರೆಕ್ಕೆಯ ಮೇಲೆ ಬೆರಳಾಡಿಸಿ, "ಇದು ಹೊಸ ಗಾಯ" ಎಂದರು.

ನಾನು ಒಪ್ಪಿಕೊಂಡೆ.

"ಕಬ್ಬಿಣಕ್ಕೆ ಅವಸರ ಆಗಿ ಬರೋದಿಲ್ಲ ಮೇಷ್ಟ್ರೇ. ಅದು ನಮಗಿಂತ ಬಾಳ ದಿನ ಇರೋದು" ಎಂದು ಹೇಳಿ ಕೆಲಸಕ್ಕೆ ಕುಳಿತರು.

ಒಳಗಿನ ಅಳತೆ ತೆಗೆದು ನೋಡಿದಾಗ, 65 ಮಿಲಿಮೀಟರಿನ ಸಿಲಿಂಡರು ಮೇಲ್ಭಾಗದಲ್ಲಿ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಇದಕ್ಕೆ ಪರಿಹಾರ ಸಿಲಿಂಡರನ್ನು ಕೂದಲೆಳೆಯಷ್ಟು ಕೊರೆದು ದೊಡ್ಡದು ಮಾಡಿ, ಆ ಅಳತೆಗೆ ಸರಿಯಾದ ದಪ್ಪನೆಯ ಪಿಸ್ಟನ್ನು ಹಾಕುವುದು. ಅಂಥ ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಸಿಗುತ್ತವೆ. ಪಿಸ್ಟನ್ನನ್ನು ಮೊದಲು ತಂದುಕೊಟ್ಟು ಅದರ ಅಳತೆಗೆ ಸಿಲಿಂಡರನ್ನು ಕೊರೆಸಬೇಕೇ ಹೊರತು ಕೊರೆಸಿ ಆಮೇಲೆ ಪಿಸ್ಟನ್ನು ಹುಡುಕಬಾರದು. ಉಂಗುರಗಳನ್ನು ಕೂರಿಸುವಾಗ ಪಿಸ್ಟನ್ನಿನ ಹರಿಯಲ್ಲಿರುವ ಸಣ್ಣ ಮೊಳೆಗೆ ಉಂಗುರದ ಬಾಯಿಯನ್ನು ಹೊಂದಿಸಬೇಕು. ತಪ್ಪಿದರೆ ಅದು ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

ಕ್ರ್ಯಾಂಕಿನ ದಿನ ನಾನು ಮಾತು ಮರೆತು ನೋಡಿದೆ. ಹೊಸ ರಾಡು ಹಾಕಿ ಒತ್ತಿದ ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ನಿಲ್ಲಿಸಿ, ಗಡಿಯಾರದಂಥ ಮಾಪಕದ ಮೊನೆಯನ್ನು ತಾಗಿಸಿ, ಕೈಯಲ್ಲಿ ಮೆಲ್ಲನೆ ತಿರುಗಿಸಿದರು. ಮುಳ್ಳು ಆಡಿತು. ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸಿದರು. ಮತ್ತೊಂದು ಪೆಟ್ಟು. ಎಲ್ಲಿ, ಎಷ್ಟು ಬಲದಿಂದ ಹೊಡೆಯಬೇಕೆಂಬುದನ್ನು ಮುಳ್ಳು ಹೇಳುವುದಿಲ್ಲ. ಅದು ತಪ್ಪನ್ನು ಮಾತ್ರ ಹೇಳುತ್ತದೆ. ಒಂದೂವರೆ ಗಂಟೆಯ ಮೇಲೆ ಮುಳ್ಳಿನ ಆಟ ಮಿಲಿಮೀಟರಿನ ನೂರರಲ್ಲಿ ಎರಡು ಭಾಗಕ್ಕೆ ಇಳಿಯಿತು. ನಮ್ಮ ತಲೆಗೂದಲಿನ ದಪ್ಪ ಅದಕ್ಕಿಂತ ಎಷ್ಟೋ ಹೆಚ್ಚು.

"ಇದನ್ನು ಯಾರಿಗಾದರೂ ಕಲಿಸಿದ್ದೀರಾ, ಯಜಮಾನ್ರೇ?" ಎಂದೆ.

"ಕಲಿಯೋಕೆ ಬಂದವರು ಇಬ್ಬರು. ಇಬ್ಬರೂ ಬೆಂಗಳೂರಿಗೆ ಹೋದರು. ಅಲ್ಲಿ ಕಂಪ್ಯೂಟರ್ ಹೇಳಿದಂಗೆ ಕೇಳೋ ಲೇತು ಇವೆಯಂತೆ, ಸಂಬಳ ಚಲೋ" ಎಂದು ನಕ್ಕರು. ಆ ನಗುವಿನಲ್ಲಿ ದೂರಿರಲಿಲ್ಲ. ಅನಂತರ ಮುರಿದ ರೆಕ್ಕೆಯ ಚೂರನ್ನು ಕೇಳಿ ಪಡೆದು, ಸಿಲಿಂಡರನ್ನು ನಿಧಾನವಾಗಿ ಕಾಯಿಸಿ, ಬೆಸೆದು, ಬೂದಿಯಲ್ಲಿ ಹೂತು ಒಂದು ರಾತ್ರಿ ಆರಲು ಬಿಟ್ಟರು. ಬೇಗ ಆರಿದರೆ ಬೀಡುಕಬ್ಬಿಣ ಬಿರಿಯುತ್ತದಂತೆ. ಆ ಕೆಲಸಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಮೂರು ಹಿತ್ತಾಳೆಯ ಚುಕ್ಕೆಗಳು

ಇನ್ನು ಟ್ಯಾಂಕು. ಅದರೊಳಗಿನ ತುಕ್ಕನ್ನು ನಿಂಬೆ ಉಪ್ಪಿನ ದ್ರಾವಣ ತುಂಬಿ ಎರಡು ದಿನ ಬಿಟ್ಟು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಡನೆಯೇ ಒಣಗಿಸಿದೆ. ಹೊರಮೈಯ ಕೆಲಸವನ್ನು ದಾವಣಗೆರೆಯ ಟಿಂಕರಿಂಗ್ ಕೆಲಸದವರೊಬ್ಬರಿಗೆ ಒಪ್ಪಿಸಬೇಕಾಗಿತ್ತು. ಬಲಭುಜದ ತಗ್ಗನ್ನು ತೋರಿಸಿ, "ಇದನ್ನು ಮುಟ್ಟಬೇಡಿ. ಹಾಗೆಯೇ ಇರಲಿ" ಎಂದೆ. ಅದು ಗಾಡಿಯ ಚರಿತ್ರೆಯ ಒಂದು ಪಾಠಾಂತರ. ಅದನ್ನು ಅಳಿಸುವ ಹಕ್ಕು ಸಂಪಾದಕನಿಗಿಲ್ಲ ಎಂದು ನನ್ನ ವಾದ. ನಿಜ ಹೇಳುವುದಾದರೆ, ಆ ತಗ್ಗಿನಲ್ಲಿ ನನ್ನ ಬಾಲ್ಯದ ಅಂಗೈ ಇತ್ತು.

ಮೂರು ದಿನದ ಮೇಲೆ ಅವರಿಂದ ಕರೆ ಬಂತು. "ಸಾರ್, ಒಂದ್ಸಲ ಬಂದು ನೋಡ್ರಿ."

ಬಣ್ಣವನ್ನು ಪೂರ್ತಿ ಕಿತ್ತ ಟ್ಯಾಂಕು ಬೆಳ್ಳಗೆ ಹೊಳೆಯುತ್ತಿತ್ತು. ತಗ್ಗಿನ ನಡುವೆ ಒಂದೇ ಸಾಲಿನಲ್ಲಿ ಮೂರು ಹಳದಿ ಚುಕ್ಕೆಗಳು.

"ಇದು ಹಿತ್ತಾಳೆ ಬೆಸುಗೆ. ಯಾರೋ ಹಿಂದೆ ಇಲ್ಲಿ ಸರಳು ಬೆಸೆದು ತಗ್ಗನ್ನು ಹೊರಕ್ಕೆ ಎಳೆಯೋಕೆ ನೋಡಿದಾರೆ. ಒಂದಲ್ಲ, ಮೂರು ಸಲ. ಇಲ್ಲಿ ನೋಡ್ರಿ, ಪಕ್ಕದಲ್ಲೇ ಟ್ಯಾಂಕಿನ ಜೋಡಣೆ ಗೆರೆ. ಇನ್ನೂ ಎಳೆದಿದ್ರೆ ಅದು ಬಿಟ್ಟು ಪೆಟ್ರೋಲ್ ಸೋರ್ತಿತ್ತು. ಅದಕ್ಕೆ ಕೈಬಿಟ್ಟು, ಮೇಲೆ ಬಣ್ಣ ಬಳಿದಾರೆ."

ನಾನು ಆ ಟ್ಯಾಂಕನ್ನು ಅಂದೇ ಸಂಜೆ ಮನೆಗೆ ತಂದು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ತಂದೆಯವರ ಮುಂದೆ ಇಟ್ಟೆ. ಟಿಂಕರಿಂಗ್‌ನವರು ಹೇಳಿದ್ದನ್ನು ಹಾಗೆಯೇ ಹೇಳಿದೆ. ತಂದೆಯವರು ಕನ್ನಡಕ ಸರಿಮಾಡಿಕೊಂಡು, ಮೊದಲ ಚುಕ್ಕೆಯ ಮೇಲೆ ಬೆರಳಿಟ್ಟರು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು.

"ಮೂರು ಸಲವಂತೇನು?" ಎಂದು ಕೇಳಿದರು.

"ಮೂರು ಸಲ."

ಬಹಳ ಹೊತ್ತು ಮಾತಿಲ್ಲ. ತಾಯಿಯವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತವರು ಹಾಗೆಯೇ ಒಳಗೆ ಹೋದರು. ನಾನು ಗಂಟಲು ಸರಿಮಾಡಿಕೊಂಡು, ಈ ಗುರುತನ್ನು ಹೀಗೆಯೇ ಉಳಿಸಬೇಕೆಂದು ನನ್ನ ಗ್ರಂಥಸಂಪಾದನೆಯ ವಾದವನ್ನು ಆರಂಭಿಸಿದೆ. ತಂದೆಯವರು ಕೈಯೆತ್ತಿ ತಡೆದರು.

"ನಿನ್ನ ಶಾಸ್ತ್ರ ನನಗೆ ಗೊತ್ತಿಲ್ಲಪ್ಪಾ. ಇದು ನಮ್ಮಪ್ಪ ಮಾಡಿಸಬೇಕಂತ ಹೊರಟು, ಆಗದೆ ಬಿಟ್ಟ ಕೆಲಸ. ಈಗ ಆಗುತ್ತೆ ಅಂದ್ರೆ, ಮಾಡಿಸಿಬಿಡು."

ಸಂಪಾದಕನಾದವನು ಮೂಲ ಕರ್ತೃವಿನ ಇಂಗಿತವನ್ನು ಹಿಂಬಾಲಿಸಬೇಕೆಂದು ನಾನೇ ವರ್ಷಕ್ಕೊಮ್ಮೆ ಪಾಠ ಹೇಳುತ್ತೇನೆ. ಎದುರು ಹೇಳಲು ಏನೂ ಉಳಿಯಲಿಲ್ಲ. ಟ್ಯಾಂಕನ್ನು ಮರಳಿ ಒಯ್ದೆ. ಹಳೆಯ ಪೆಟ್ರೋಲಿನ ಆವಿ ಒಳಗೆ ಉಳಿದಿದ್ದರೆ ಬೆಂಕಿ ತಾಗಿದೊಡನೆ ಟ್ಯಾಂಕು ಬಾಂಬಿನಂತೆ ಸಿಡಿದೀತೆಂದು ಅವರು ಅದರೊಳಗೆ ನೀರು ತುಂಬಿ, ಬೆಸುಗೆಯ ಗೆರೆಯನ್ನು ಹಿಗ್ಗದಂತೆ ಹಿಡಿದು, ತಗ್ಗನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿದರು. ಉಳಿದ ಅಲ್ಪ ಅಂತರವನ್ನು ಸೀಸದಿಂದ ತುಂಬಿ ಅರದಿಂದ ಉಜ್ಜಿದರು. ಕಡುಗೆಂಪು ಬಣ್ಣ ಬಳಿದು, ಚಿನ್ನದ ಗೆರೆಯನ್ನು ಉದ್ದ ಕೂದಲಿನ ಕುಂಚದಿಂದ ಕೈಯಲ್ಲೇ ಎಳೆಸಿದೆವು. ಎಲ್ಲಿ ತಗ್ಗಿತ್ತೆಂಬುದು ಈಗ ಯಾರಿಗೂ ತಿಳಿಯದು.

ಉಳಿದ ಮಾತುಗಳು

ಇದೇ ಹಾದಿ ಹಿಡಿಯುವವರಿಗೆ ನಾಲ್ಕು ಮಾತು. ಮೊದಲನೆಯದು, ಎಂಜಿನ್ನಿನ ಎರಡು ಕಡೆಯ ರಬ್ಬರ್ ಸೀಲುಗಳನ್ನು ತಪ್ಪದೆ ಬದಲಿಸಬೇಕು. ಎರಡು ಹೊಡೆತದ ಎಂಜಿನ್ನಿನಲ್ಲಿ ಅವು ಸೋರಿದರೆ ಹೊರಗಾಳಿ ಒಳನುಗ್ಗಿ ಪಿಸ್ಟನ್ನು ಕಾದು ಮತ್ತೆ ಕಚ್ಚಿಕೊಳ್ಳುತ್ತದೆ. ಎರಡನೆಯದು, ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ, ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲಿನ ನಳಿಗೆಯನ್ನು ಹೊಸ ಬಗೆಯದಕ್ಕೆ ಬದಲಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡುವುದು ಲೇಸು. ಮೂರನೆಯದು ಕಾಗದಪತ್ರಗಳ ವಿಷಯ. ದ್ವಿಚಕ್ರ ವಾಹನದ ನೋಂದಣಿ ಹದಿನೈದು ವರ್ಷಗಳಿಗೆ; ಬಳಿಕ ಐದು ವರ್ಷಕ್ಕೊಮ್ಮೆ ನವೀಕರಣ. 2021ರ ಕೇಂದ್ರದ ನಿಯಮಗಳಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಯನ್ನು 'ವಿಂಟೇಜ್' ಎಂದೂ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಜ್ಜನ ಟ್ರಂಕಿನಲ್ಲಿ 'ಎಂ ವೈ' ಅಕ್ಷರಗಳಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ನೋಂದಣಿ ಪುಸ್ತಕ ಸಿಕ್ಕಿದ್ದು ನಮ್ಮ ಪುಣ್ಯ. ಕಾಗದವಿಲ್ಲದ ಗಾಡಿಯನ್ನು ಅಗ್ಗವೆಂದು ಕೊಳ್ಳುವವರು ಮುಂದಿನ ತೊಂದರೆಯನ್ನೂ ಜೊತೆಗೆ ಕೊಳ್ಳುತ್ತಾರೆ. ನಾಲ್ಕನೆಯದು ಖರ್ಚು. ಕೊನೆಯಲ್ಲಿ ಕೂಡಿ ನೋಡಿದಾಗ ಒಂದು ಸಾಧಾರಣ ಹೊಸ ಬೈಕಿನ ಬೆಲೆಯ ಹತ್ತಿರ ಬಂದಿತ್ತು. ಆ ಲೆಕ್ಕದ ಪುಟವನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

2025ರ ಸಂಕ್ರಾಂತಿಯ ಮರುದಿನ ಬೆಳಗ್ಗೆ ಗಾಡಿಯನ್ನು ಅಂಗಳಕ್ಕೆ ತಂದೆ. ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆ ಕಲಸಿದ ಪೆಟ್ರೋಲು ತುಂಬಿ, ಕಾರ್ಬ್ಯುರೇಟರಿನ ಗುಂಡಿಯನ್ನು ಬೆರಳು ಒದ್ದೆಯಾಗುವವರೆಗೆ ಒತ್ತಿ, ಒದ್ದೆ. ಏಳನೆಯ ಒದೆತಕ್ಕೆ ಒಮ್ಮೆ ಕೆಮ್ಮಿತು. ಒಂಬತ್ತನೆಯದಕ್ಕೆ ಚಾಲೂ ಆಯಿತು. ಡುಗು ಡುಗು ಡುಗು ಎಂಬ ಆ ಸದ್ದಿಗೆ ಓಣಿಯ ಹಿರಿಯರೊಬ್ಬರು ಹಲ್ಲುಜ್ಜುತ್ತ ಹೊರಗೆ ಬಂದು, ಏನೂ ಹೇಳದೆ ನಗುತ್ತ ನಿಂತರು.

ತಂದೆಯವರು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬಂದಿದ್ದರು. ನಾನು ಹಿಂದಿನ ಸೀಟನ್ನು ಒರೆಸಿ, "ಕೂತ್ಕೊಳ್ಳಿ ಅಪ್ಪಾಜಿ" ಎಂದೆ. ಅವರು ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು, "ನೀನು ಹಿಂದೆ ಕೂತ್ಕೋ" ಎಂದರು.

ಪಿ.ಬಿ. ರಸ್ತೆಯಲ್ಲಿ ಅವರು ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಲಿಲ್ಲ. ಹರಿಹರದಲ್ಲಿ ಸೇತುವೆಯ ಹತ್ತಿರ ಬಂದಾಗ ಇನ್ನೂ ನಿಧಾನ ಮಾಡಿದರು. ಬೇಸಗೆಗೆ ಮುನ್ನವೇ ನದಿ ಇಳಿದು ಬಂಡೆಗಳು ಕಾಣುತ್ತಿದ್ದವು. ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದೆವು. ನಾನು ಮಾತಾಡದೆ ಟ್ಯಾಂಕಿನ ಮೇಲೆ ಕೈಯಿಟ್ಟೆ. ಅಂಗೈ ತಾನಾಗಿ ಬಲಭುಜದ ಆ ತಗ್ಗನ್ನು ಹುಡುಕಿತು. ಅಲ್ಲಿ ನುಣ್ಣನೆಯ ಬಣ್ಣವಷ್ಟೇ ಇತ್ತು, ಎಂಜಿನ್ನಿನ ಬಿಸಿಗೆ ಸ್ವಲ್ಪ ಬೆಚ್ಚಗೆ.

ತಂದೆಯವರು ನದಿಯನ್ನು ನೋಡಿದರು, ರಸ್ತೆಯನ್ನು ನೋಡಿದರು. ಕೊನೆಗೆ ಗಾಡಿಯ ಹಿಂಭಾಗಕ್ಕೆ ಹೋಗಿ ಬಗ್ಗಿ ಜೋಡಿ ಕೊಳವೆಗಳನ್ನು ಪರೀಕ್ಷಿಸಿ ಹೇಳಿದರು:

"ಎಣ್ಣೆ ಸ್ವಲ್ಪ ಜಾಸ್ತಿ ಹಾಕಿದ್ದೀಯ. ಹೊಗೆ ನೋಡು. ನಾಳೆಯಿಂದ ನಾನೇ ಕಲಸ್ತೀನಿ."